ಇಂಚಿಗೆ ಎಂಟು

ಕೌಲ್ ಬಜಾರಿನ ಈ ಓಣ್ಯಾಗ ಚರಂಡಿ ಸೈತ ನೀಲಿ.
ವರ್ಷದ ಹತ್ತು ತಿಂಗಳು ಜೀನ್ಸು.
ಏಪ್ರಿಲ್ ಬಂತಂದ್ರ ಅದೇ ಮಷೀನಿಗೆ
ಸಾಲಿ ಹುಡುಗರ ಬಟ್ಟಿ.

ಎರಡು ಗಂಟು ಬರ್ತಾವ.
ಒಂದು ಸರ್ಕಾರಿ ಸಾಲೀದು, ಟೆಂಡರಿನ ಮಾಲು,
ಬೆಳಕಿಗೆ ಹಿಡಿದ್ರ ಆ ಕಡೆ ಕುಂತೋರ ಮಾರಿ ಕಾಣ್ತೈತಿ.
ಇನ್ನೊಂದು ಬೈಪಾಸಿನ ಕಾನ್ವೆಂಟಿಂದು,
ಚೌಕಳಿ, ದಪ್ಪ, ಕಿಸೆ ಮ್ಯಾಲ ಹುಟ್ಟೋ ಸೂರ್ಯ.
ಗುತ್ತೇದಾರ ನಿಂತ ಕಾಲಾಗ ಹೇಳಿ ಹೋಗ್ತಾನ:
ಇದಕ್ಕ ಇಂಚಿಗೆ ಎಂಟು ಹೊಲಿಗಿ ಸಾಕು.
ಅದಕ್ಕ ಹನ್ನೆರಡು.

ಹೊಲಿಯೋಳು ನಾನಲ್ಲ. ನಂದು ಚೆಕಿಂಗು.
ಕೊರಳಾಗ ಟೇಪು, ಬೆರಳಾಗ ಕತ್ರಿ,
ಇಪ್ಪತ್ತೆರಡು ವರ್ಷದಿಂದ ದಾರದ ಬಾಲ ಕತ್ತರಿಸಿ
ಸೀಮೆಸುಣ್ಣದಾಗ ಒಂದು ಗೀಟು ಎಳೀತೀನಿ.
ಗೀಟು ಅಂದ್ರ ಪಾಸು.

ಈ ಸಲ ಇಬ್ಬರು ಹೊಸ ಹುಡುಗರು.
ಗಾದಿಲಿಂಗ, ಸರ್ಕಾರಿ ಸಾಲಿ, ಗಣಿತದಾಗ ಎರಡು ಸಲ ಡುಮ್ಕಿ.
ರೋಹನ, ಅದೇ ಕಿಸೆ-ಸೂರ್ಯನ ಸಾಲಿಯವ,
ಅವರಪ್ಪನ ಲಾರಿ ಜಪ್ತಿಯಾದ ವರ್ಷ ಬಿಟ್ಟಾವ.

ಚಾ ಕುಡಿಯಾಕ ಬರೋ ರಿಟೈರ್ಡ್ ಹೆಡ್‌ಮಾಸ್ತರು
ಮೊದಲ ವಾರಕ್ಕೇ ತೀರ್ಪು ಕೊಟ್ರು:
"ನೆಲದ ಮ್ಯಾಲ ಕುಂತು ಕಲಿತದ್ದು ದುಡೀತೈತಿ.
ಬಸ್ಸಿನಾಗ ಹೋಗಿ ಕಲಿತದ್ದು ಫೋನ್ ತಿಕ್ಕತೈತಿ."
ಎರಡನೇ ವಾರ ಅವರೇ ತಿರುವಿ ಹಾಕಿದ್ರು.
ಯಾಕಂದ್ರ ಗಾದಿಲಿಂಗ ಬರೋದು ಹತ್ತೂವರೆಗೆ,
ಚೌಕಳಿ ಕೊಟ್ಟರ ಆಕಳಿಸ್ತಾನ, ಬೀಡಿಗೆ ಏಳ್ತಾನ.
ರೋಹನ ಒಂಬತ್ತಕ್ಕ ಇನ್ನೂ ಐದು ನಿಮಿಷ ಇದ್ದಂಗ
ಮಷೀನಿಗೆ ಎಣ್ಣಿ ಬಿಟ್ಟು ಕುಂತಿರ್ತಾನ.
ಆದ್ರ ಆರು ಹೊಡೀತಂದ್ರ ಎದ್ದ.
ಮಾಲಕ ಕರೆದ್ರ "ಓಟಿ ಎಷ್ಟು ಕೊಡ್ತೀರಿ?" ಅಂತಾನ.
ಈ ಶೆಡ್ಡಿನಾಗ ಆ ಮಾತು ಮೊದಲ ಸಲ ಕೇಳಿದ್ದು.
ಮೂರನೇ ವಾರಕ್ಕ ಇಬ್ಬರೂ ಸೋಮಾರಿಗಳು.

ಒಂದು ಗುರುವಾರ, ಕರೆಂಟು ಹೋದ ಹೊತ್ತು,
ಬಾಗಲಾಗ ಕುಂತು ಸರ್ಕಾರಿ ಚಡ್ಡಿ ನೋಡಾಕ ಹತ್ತಿದ್ದೆ.
ಬೆರಳು ನಿಂತ್ವು. ಟೇಪು ಇಟ್ಟು ಎಣಿಸಿದೆ.
ಹನ್ನೆರಡು.
ಇನ್ನೊಂದು ತಗೊಂಡೆ. ಹನ್ನೆರಡು. ಕುಂಡಿ ಹೊಲಿಗಿ ಎರಡು ಸುತ್ತು.
ಗಾದಿಲಿಂಗನ ಮಷೀನಿನ ಮುಳ್ಳು
ಮೂರರಿಂದ ಎರಡಕ್ಕ ತಿರುಗಿತ್ತು.
ಪೀಸಿನ ಲೆಕ್ಕದ ಕೂಲಿ. ಎಲ್ಲಾರೂ ಅರವತ್ತು ಮುಗಿಸೋ ದಿನ
ಅವಂದು ನಲವತ್ತು.

"ಏನೋ ಇದು?"
ಅವ ಬಾಬಿನ್ನಿಗೆ ದಾರ ಸುತ್ತತಾ ಹೇಳಿದ:
"ಏಳನೇತ್ತದಾಗ ಪ್ರಾರ್ಥನಾಕ ಬಗ್ಗಿದಾಗ ನಂದು ಬಿಚ್ಚಿತು, ಚಿಗವ್ವ.
ಇನ್ನೊಂದು ಜೊತಿ ಎಲ್ಲಿತ್ತು?
ಆ ವರ್ಷ ಪೂರಾ ಗ್ವಾಡಿಗೆ ಬೆನ್ನು ಹಚ್ಚಿ ಕುಂತೆ.
ಬೋರ್ಡಿಗೆ ಬಾ ಅಂದ್ರ, ಬರಂಗಿಲ್ಲ ಸಾರ್ ಅಂತಿದ್ದೆ.
ಲೆಕ್ಕ ಬರ್ತಿತ್ತು.
ಏಳಾಕ ಬರ್ತಿರಲಿಲ್ಲ."

ರೋಹನ ತಲಿ ಎತ್ತಲಿಲ್ಲ.
"ನಂದು ಹರೀಲೇ ಇಲ್ಲ. ಹನ್ನೆರಡೂ ಗಟ್ಟಿ.
ಅದನ್ನ ಹಾಕ್ಕೊಂಡೇ ಮೂರು ದಿನ ಆಫೀಸಿನ ಮುಂದ ನಿಂತಿದ್ದೆ,
ಫೀಸಿನ ಚೀಟಿ ಹಿಡಕೊಂಡು."

ಯಾರೂ ನಗಲಿಲ್ಲ, ಅಳಲಿಲ್ಲ. ಕರೆಂಟು ಬಂತು.
ಇಪ್ಪತ್ತೆರಡು ವರ್ಷ ಇಂಚಿಗೆ ಎಂಟು.
ಎಷ್ಟು ಹುಡುಗರು ಗ್ವಾಡಿಗೆ ಹತ್ತಿ ಕುಂತಾರೋ,
ಅವರನ್ನೆಲ್ಲಾ ಪಾಸು ಮಾಡಿದಾಕಿ ನಾನು.

ಮರುದಿನ ಕತಿ ಬ್ಯಾರೆ ಆಗಲಿಲ್ಲ.
ಗುತ್ತೇದಾರ ನಲವತ್ತು ಎಣಿಸಿ ಗಾದಿಲಿಂಗನ ಅವ್ವನ್ನ ಬೈದ.
ರೋಹನನ ಮುಳ್ಳು ಮೂರರ ಮ್ಯಾಲೇ ಇತ್ತು.
ಅವನ ಗಂಟು ನನ್ನ ಮುಂದ ಬಂತು: ಸ್ವಚ್ಛ, ಚುರುಕು, ಎಂಟು.
ಸೀಮೆಸುಣ್ಣ ಹಿಡಿದೆ.
ಗೀಟಿನ ಮ್ಯಾಲ ಇನ್ನೊಂದು ಗೀಟು ಅಡ್ಡ ಬಿತ್ತು,
ನನ್ನ ಕೈಯೇ ಹೊಸದು ಅನ್ನಿಸಿತು.

"ಹನ್ನೊಂದು ರೂಪಾಯಿಗೆ ಹನ್ನೆರಡು ಹೊಲಿಗಿ ಯಾವ ನ್ಯಾಯ?"
ರೋಹನ ಎದ್ದು ನಿಂತು ಒದರಿದ. "ದರ ಏರಸ್ರಿ, ಹೊಲೀತೀನಿ!
ಸಪ್ಲಿಮೆಂಟರಿಗೆ ನಾನೂ ದುಡ್ಡು ಕಟ್ಟೋದೈತಿ!"

ಅವ ಹೇಳಿದ್ದೂ ಖರೇನ.
ಮಾಸ್ತರು ಚಾ ಆರಿಸ್ಕೊಂತ, "ನೋಡಿದ್ಯಾ, ಈಗಿನ ಹುಡುಗರು" ಅಂದ್ರು.
ನಾನು ಬೆರಳಿನ ಸುಣ್ಣ ಸೀರೀಗೆ ಒರಸಿ
ಮುಂದಿನ ಗಂಟು ಬಿಚ್ಚಿದೆ.